ಸೊನ್ನೆ ಗಾಜು

ನಮ್ಮದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯೆ ಹದಿನಾಲ್ಕು ಮೆಟ್ಟಿಲು. ಅಂಗಡಿಯ ಮುಂಭಾಗದಲ್ಲಿ ನನ್ನ ಹೆಂಡತಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಹಿಂದೆ, ಪರದೆಯ ಆಚೆ, ನಾನು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ. ಅವಳು ಓದಿ ಕಲಿತವಳು, ಸರ್ಟಿಫಿಕೇಟು ಗೋಡೆಯ ಮೇಲಿದೆ. ನಾನು ಗಾಜು ಚುಚ್ಚಿಸಿಕೊಂಡು ಕಲಿತವನು, ನನ್ನ ಸರ್ಟಿಫಿಕೇಟು ಬೆರಳುಗಳ ಮೇಲಿದೆ. ಗಿರಾಕಿಗಳು ಅವಳನ್ನು ಡಾಕ್ಟ್ರಮ್ಮ ಅನ್ನುತ್ತಾರೆ. "ನಾನು ಡಾಕ್ಟ್ರಲ್ಲ, ಕಣ್ಣಿನ ನಂಬರ್ ನೋಡೋಳು ಅಷ್ಟೇ" ಎಂದು ಅವಳು ಇಪ್ಪತ್ತೆರಡು ವರ್ಷದಿಂದ ತಿದ್ದುತ್ತಿದ್ದಾಳೆ. ಯಾರೂ ತಿದ್ದಿಕೊಂಡಿಲ್ಲ.

ಅವಳು ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ದೀಪ ಆರಿಸಿ, ಎದುರಿನ ಅಕ್ಷರದ ಬೋರ್ಡಿಗೆ ಮಾತ್ರ ಬೆಳಕು ಬಿಡುತ್ತಾಳೆ. ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮು ಇಟ್ಟು ಒಂದೊಂದೇ ಗಾಜು ಬದಲಿಸುತ್ತಾಳೆ. "ಹೇಗೆ ಕಾಣುತ್ತೆ" ಎಂದು ಮಾತ್ರ ಕೇಳುವುದಿಲ್ಲ. "ಇದಾ, ಅದಾ? ಮೊದಲನೇದು ಚೆನ್ನಾಗಿದ್ಯಾ, ಎರಡನೇದಾ?" ಅಷ್ಟೇ. ಯಾಕೆ ಹೀಗೆ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಹೇಗೆ ಕಾಣುತ್ತೆ ಅಂದ್ರೆ ಅರ್ಧ ಜನ ಕತೆ ಶುರು ಮಾಡ್ತಾರೆ, ಇನ್ನರ್ಧ ಜನ ಚೆನ್ನಾಗಿದೆ ಅಂದು ಸುಮ್ಮನಾಗ್ತಾರೆ. ಎರಡರಿಂದಲೂ ನಂಬರ್ ಸಿಗಲ್ಲ. ಎರಡು ಕೊಟ್ಟು ಒಂದು ಆರಿಸು ಅಂದ್ರೆ ಎಂಥವರೂ ನಿಜ ಹೇಳ್ತಾರೆ."

ಎಂಥವರೂ ಎಂದಳಲ್ಲ, ಅದಕ್ಕೊಂದು ಅಪವಾದವಿದೆ. ಮಕ್ಕಳು. ಪ್ರತಿ ವರ್ಷ ಶಾಲೆ ಶುರುವಾದ ಹತ್ತು ಹದಿನೈದು ದಿನಕ್ಕೆ ನಮ್ಮಲ್ಲಿಗೆ ಅಂಥ ಮಕ್ಕಳ ಸಾಲು ಬರುತ್ತದೆ. ತರಗತಿಯಲ್ಲಿ ಒಬ್ಬಳಿಗೆ ಕೆಂಪು ಫ್ರೇಮಿನ ಕನ್ನಡಕ ಬಂದರೆ ಇನ್ನು ನಾಲ್ವರಿಗೆ ಬೋರ್ಡು ಕಾಣುವುದು ನಿಂತುಹೋಗುತ್ತದೆ. ಒಬ್ಬ ಹುಡುಗ ಮೇಲಿನ ಅತಿ ದೊಡ್ಡ ಅಕ್ಷರವೂ ಕಾಣುವುದಿಲ್ಲ ಎಂದು ಕಣ್ಣು ಕಿರಿದು ಮಾಡಿ ಕೂತಿದ್ದವನು, ಎದ್ದು ಹೋಗುವಾಗ ಬಾಗಿಲ ಮೂಲೆಯಲ್ಲಿ ಬಿದ್ದಿದ್ದ ನನ್ನ ಸ್ಕ್ರೂ ಹೆಕ್ಕಿ ಕೊಟ್ಟಿದ್ದ. ಎಳ್ಳಿನಷ್ಟು ಸ್ಕ್ರೂ.

ಅಂಥವರಿಗೆಂದೇ ಪೆಟ್ಟಿಗೆಯ ಕೊನೆಯಲ್ಲಿ ಒಂದು ಜೊತೆ ಗಾಜಿದೆ. ಯಾವ ಪವರೂ ಇಲ್ಲದ ಬರೀ ಗಾಜು. ನಾವು ಅದನ್ನು ಸೊನ್ನೆ ಗಾಜು ಅನ್ನುತ್ತೇವೆ. ಹೆಂಡತಿ ಅದನ್ನು ಗಂಭೀರವಾಗಿ ಫ್ರೇಮಿಗೆ ಹಾಕಿ, "ಇದು ಸ್ವಲ್ಪ ಜೋರು ಪವರ್ ಪುಟ್ಟಾ, ಈಗ ನೋಡು" ಅನ್ನುತ್ತಾಳೆ. ಮಗು ಕೊನೆಯ ಸಾಲಿನವರೆಗೆ ಗಡಗಡ ಓದಿಬಿಡುತ್ತದೆ. ಅವಳು ಬೈಯುವುದಿಲ್ಲ, ನಗುವುದೂ ಇಲ್ಲ. ಅಪ್ಪ ಅಮ್ಮನನ್ನು ಪಕ್ಕಕ್ಕೆ ಕರೆದು, "ಕಣ್ಣು ಚೆನ್ನಾಗಿದೆ. ಮಗೂಗೆ ಬೇರೇನೋ ಬೇಕಾಗಿದೆ, ಮನೇಲಿ ಕೂತು ಕೇಳಿ" ಎಂದು ಕಳಿಸುತ್ತಾಳೆ.

ನಮ್ಮ ಮಗಳು ಈ ಆಟವನ್ನು ನೋಡುತ್ತಲೇ ಬೆಳೆದಳು. ಅವಳನ್ನು ನಾವು ಚೂಟಿ ಅನ್ನುತ್ತೇವೆ. ದಾಖಲೆಯಲ್ಲಿರುವ ಹೆಸರು ಬೇರೆ, ಅದನ್ನು ಕೂಗಿದರೆ ಅವಳೇ ತಿರುಗುವುದಿಲ್ಲ. ಚಿಕ್ಕವಳಿದ್ದಾಗ ಕೊನೆಯ ಮೆಟ್ಟಿಲ ಮೇಲೆ ಕೂತು, ಅಮ್ಮನ ಕೈ ಪೆಟ್ಟಿಗೆಯ ಕೊನೆಗೆ ಹೋಗುತ್ತಿದ್ದಂತೆ ಬಾಯಿಗೆ ಫ್ರಾಕಿನ ಅಂಚು ತುರುಕಿಕೊಂಡು ನಗು ತಡೆಯುತ್ತಿದ್ದಳು. ದೊಡ್ಡವಳಾದ ಮೇಲೆ ವಾಲಿಬಾಲ್ ಹುಚ್ಚು ಹತ್ತಿತು. ಮೂರು ಮೂರು ಮೆಟ್ಟಿಲು ಹಾರಿ ಇಳಿಯುತ್ತಿದ್ದಳು. ಧಡ್, ಧಡ್, ಧಡ್ ಎಂದರೆ ಶಾಲೆಯ ಹೊತ್ತಾಯಿತೆಂದು ಲೆಕ್ಕ, ನನಗೆ ಗಡಿಯಾರ ಬೇಕಿರಲಿಲ್ಲ.

ಅವಳಿಗೆ ಹದಿನಾರು ತುಂಬಿದ ವರ್ಷ ಊರೂರಿಗೇ ಬೀಗ ಹಾಕಿಸಿದ ಆ ರೋಗ ಬಂತು. ಎಲ್ಲರ ಹಾಗೆ ನಾವೂ ಬಾಗಿಲು ಹಾಕಿದೆವು. ಆಮೇಲೆ, ಕನ್ನಡಕ ಒಡೆದವರು ಎಲ್ಲಿಗೆ ಹೋಗಬೇಕು ಎಂದು ಯಾರಿಗೋ ಹೊಳೆಯಿತು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ತೆರೆಯಲು ಅನುಮತಿ ಸಿಕ್ಕಿತು. ಬಂದವರೆಲ್ಲರದೂ ಒಂದೇ ದೂರು, ಮಾಸ್ಕ್ ಹಾಕಿದರೆ ಕನ್ನಡಕಕ್ಕೆ ಹಬೆ. ಪಕ್ಕದ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು ವಾರಕ್ಕೆರಡು ಸಲ ಬಂದು, "ಉಸಿರಾಡಿದ್ರೆ ಕಾಣಲ್ಲ, ಕಾಣಬೇಕಂದ್ರೆ ಉಸಿರಾಡೋ ಹಾಗಿಲ್ಲ, ಒಂದು ತೀರ್ಮಾನ ಹೇಳಿ ಡಾಕ್ಟ್ರಮ್ಮ" ಎಂದು ಬಾಗಿಲಲ್ಲೇ ನಿಂತು ನಗಿಸುತ್ತಿದ್ದರು. ಸೋಪಿನ ನೀರು ಸವರಿ ಒರೆಸಿ ಕೊಡುತ್ತಿದ್ದೆ. ಕೆಲವರು ಬೇರೆ ಕಾರಣಕ್ಕೆ ಬರುತ್ತಿದ್ದರು. ತೀರಿಹೋದವರ ಕನ್ನಡಕ ತಂದು, ಇದರ ಫ್ರೇಮಿಗೆ ನನ್ನ ನಂಬರ್ ಹಾಕಿಕೊಡಿ ಅನ್ನುತ್ತಿದ್ದರು. ಕುರ್ಚಿಯಲ್ಲಿ ಕೂತು ಅಳುತ್ತಿದ್ದರು. ಹೆಂಡತಿ ಆರಡಿ ದೂರ ನಿಂತು ಕೇಳುತ್ತಿದ್ದಳು. ಮೇಲಿನ ಮನೆಗೆ ಎಲ್ಲವೂ ಕೇಳಿಸುತ್ತದೆ, ನಮ್ಮ ಮೆಟ್ಟಿಲಿಗೆ ಬಾಗಿಲಿಲ್ಲ.

ಮೊದಲ ತಿಂಗಳು ಚೂಟಿಗೆ ಖುಷಿಯೇ. ರಾತ್ರಿಯುಡುಪಿನಲ್ಲೇ ತರಗತಿ, ಕ್ಯಾಮೆರಾ ಆಫ್ ಮಾಡಿ ನಿದ್ದೆ. ಮೂರನೆಯ ತಿಂಗಳಿಗೆ ಅವಳ ಕೋಣೆಯ ಸದ್ದು ಕಡಿಮೆಯಾಯಿತು. ಗೆಳತಿಯರ ಜೊತೆಗಿನ ಹರಟೆ ನಿಂತಿತು. ಊಟದ ತಟ್ಟೆ ಒಳಗೆ ಹೋಗುತ್ತಿತ್ತು, ಅರ್ಧ ತುಂಬಿ ಹೊರಗೆ ಬರುತ್ತಿತ್ತು. ಹನ್ನೊಂದಕ್ಕೆ ನಾವು ಅಂಗಡಿ ಮುಚ್ಚಿ ಮೇಲೆ ಹೋದರೂ ಹಾಸಿಗೆಯಲ್ಲೇ ಇರುತ್ತಿದ್ದಳು. ನಿದ್ದೆಯಲ್ಲ, ಕಣ್ಣು ತೆರೆದೇ ಇರುತ್ತಿತ್ತು. ಏನಾಯಿತು ಎಂದರೆ "ಏನಿಲ್ಲ". ಹೇಗಿದ್ದೀಯ ಎಂದರೆ "ಚೆನ್ನಾಗಿದೀನಿ". ನಾನು ಜೋಕು ಹೇಳಿದರೆ ಬಾಯಿಯ ಒಂದು ಮೂಲೆ ಮಾತ್ರ ಎದ್ದು ಕೂರುತ್ತಿತ್ತು, ಅದೂ ನನ್ನ ಮರ್ಯಾದೆಗೆ.

ಹೆಂಡತಿಯ ಅಕ್ಕ ಫೋನಿನಲ್ಲಿ, "ವಯಸ್ಸು ಕಣೇ, ನಮ್ಮನೇಲೂ ಒಂದು ಹಾಗೇ ಬಿದ್ಕೊಂಡಿದೆ, ಎಬ್ಬಿಸಕ್ಕೆ ಹೋಗ್ಬೇಡ, ಕಚ್ಚುತ್ತೆ" ಎಂದಳು. ನಾವೂ ವಯಸ್ಸು ಎಂದುಕೊಂಡೆವು.

ಹಾಗಿರುವಾಗ ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಚೂಟಿ ತಾನಾಗಿಯೇ ಕೆಳಗೆ ಬಂದಳು. ಮೆಟ್ಟಿಲ ಮೇಲೆ ಸದ್ದೇ ಆಗಲಿಲ್ಲ. "ಅಮ್ಮ, ಅಕ್ಷರ ಎಲ್ಲ ಮಸುಕು ಮಸುಕು. ಅದಕ್ಕೇ ಕ್ಲಾಸಿಗೆ ಕೂರಕ್ಕಾಗ್ತಿಲ್ಲ" ಎಂದಳು.

ನಿಜ ಹೇಳಬೇಕೆಂದರೆ ನಮ್ಮಿಬ್ಬರ ಹೊಟ್ಟೆಗೂ ಹಾಲು ಹೊಯ್ದಂತಾಯಿತು. ಕಣ್ಣು ತಾನೇ? ಕಣ್ಣಾದರೆ ನಮ್ಮ ಮನೆಯ ಕೆಲಸ. ಇಡೀ ದಿನ ಫೋನಿನ ಪರದೆ ನೋಡಿದರೆ ಇನ್ನೇನಾಗುತ್ತದೆ ಎಂದು ಹೆಂಡತಿ ಅಲ್ಲೇ ಕೂರಿಸಿ ನೋಡಿದಳು. ಗಲ್ಲ ಇಟ್ಟು ನೋಡುವ ಕಂಪ್ಯೂಟರ್ ಯಂತ್ರ ಎರಡು ತಿಂಗಳ ಹಿಂದೆ ಕೆಟ್ಟಿತ್ತು, ರಿಪೇರಿಯವನು ಬರುವ ಹಾಗಿರಲಿಲ್ಲ. ಬೋರ್ಡು ಮತ್ತು ಗಾಜಿನ ಪೆಟ್ಟಿಗೆಯೇ ಗತಿ. ಇದಾ ಅದಾ, ಇದಾ ಅದಾ ಎಂದು ಕೇಳುತ್ತಾ ಹೋದಳು. ಮೈನಸ್ ಒಂದೂಕಾಲು ಬಂತು. ನಾನು ಇದ್ದುದರಲ್ಲಿ ಒಳ್ಳೆಯ ಗಾಜು ತೆಗೆದು ಅವತ್ತೇ ಉಜ್ಜಿದೆ. ನೀಲಿ ಫ್ರೇಮು, ಅವಳೇ ಆರಿಸಿದ್ದು. ಆರಿಸಿದಳು ಎಂದರೆ ನಾನು ತೋರಿಸಿದ ಮೊದಲನೆಯದಕ್ಕೆ ತಲೆಯಾಡಿಸಿದಳು.

ಮೂರು ವಾರ ಕಳೆಯಿತು. ತಲೆನೋವು ಬೇರೆ ಸೇರಿಕೊಂಡಿತು. ಹೆಂಡತಿ ತನ್ನದೇ ತಪ್ಪಿರಬೇಕೆಂದು ಮತ್ತೆ ಕೂರಿಸಿ ನೋಡಿದಳು. ಈ ಸಲ ಇನ್ನೂ ಇಳಿದಿತ್ತು, ಮೈನಸ್ ಒಂದೂ ಮುಕ್ಕಾಲು. ನಾನು ಮತ್ತೆ ಉಜ್ಜಿದೆ. ಇಷ್ಟು ಬೇಗ ಯಾರ ಕಣ್ಣೂ ಹೀಗೆ ಇಳಿಯುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಅದಾಗಿ ನಾಲ್ಕನೆಯ ದಿನ ಮನೆಯಲ್ಲಿ ಕುಡಿಯುವ ನೀರು ಮುಗಿಯಿತು. ನೀರಿನ ಕ್ಯಾನಿನವನ ನಂಬರು ಬರೆದಿಟ್ಟ ಚೀಟಿ ಸಿಗಲಿಲ್ಲ. ಎದುರಿನ ಬೀದಿಯಲ್ಲಿ ಮುಚ್ಚಿದ ಅಂಗಡಿಯೊಂದರ ಗೋಡೆಗೆ ಅವನು ತನ್ನ ನಂಬರು ಬರೆಸಿದ್ದ, ಬಣ್ಣ ಅರ್ಧ ಹೋಗಿತ್ತು. ನಾನು ಬಾಲ್ಕನಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ, "ಎಂಟಾ ಅದು, ಮೂರಾ" ಎಂದು ನನಗೆ ನಾನೇ ಅಂದುಕೊಳ್ಳುತ್ತಿದ್ದೆ. ಚೂಟಿ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು ಸರಳಿಗೆ ಹಣೆ ಆನಿಸಿಕೊಂಡಿದ್ದಳು.

"ಮೂರು ಅಪ್ಪ. ಮೂರು, ಸೊನ್ನೆ, ಏಳು, ಏಳು" ಎಂದು ಕೊನೆ ಮುಟ್ಟಿಸಿ, ಮತ್ತೆ ಮೊದಲಿಂದ ಹತ್ತಕ್ಕೆ ಹತ್ತೂ ಅಂಕೆ ಓದಿದಳು. ಕೆಳಗೆ ಬೆರಳುದ್ದದ ಅಕ್ಷರದಲ್ಲಿದ್ದ "ಬೆಳಿಗ್ಗೆ ಮಾತ್ರ" ಎಂಬುದನ್ನೂ ಓದಿದಳು.

ನಾನು ಫೋನು ಮಾಡಿ ಎರಡು ಕ್ಯಾನು ಹೇಳಿದೆ. ಆಮೇಲೆ ತಿರುಗಿ ನೋಡಿದೆ. ಅವಳ ಮುಖದ ಮೇಲೆ ಕನ್ನಡಕ ಇರಲಿಲ್ಲ. ಒಳಗೆ ಮೇಜಿನ ಮೇಲೆ ಪೆಟ್ಟಿಗೆಯಲ್ಲೇ ಇತ್ತು.

ಕನ್ನಡಕ ನೋಡಿ ಮನುಷ್ಯ ಹೇಗೆ ಬದುಕುತ್ತಾನೆಂದು ನಾನು ಹೇಳಬಲ್ಲೆ. ಮೂಗಿನ ಮೆತ್ತೆ ಹಸಿರಾಗಿರುತ್ತದೆ, ಕಡ್ಡಿಯ ತುದಿಯಲ್ಲಿ ಹಲ್ಲಿನ ಗುರುತಿರುತ್ತದೆ, ಮಲಗಿ ಓದುವವರ ಒಂದು ಕಿವಿಯ ಕಡೆ ಸೊಟ್ಟಗಾಗಿರುತ್ತದೆ. ನಾನು ಅವಳ ಕನ್ನಡಕ ತೆಗೆದು ಬೆಳಕಿಗೆ ಹಿಡಿದೆ. ಯಂತ್ರದಿಂದ ಈಗಷ್ಟೇ ಇಳಿದ ಹಾಗಿತ್ತು. ನಮ್ಮೆದುರಿಗೆ ಹಾಕಿಕೊಳ್ಳುತ್ತಿದ್ದಳು, ನಾವು ಆಚೆ ಹೋದರೆ ತೆಗೆಯುತ್ತಿದ್ದಳು, ಅವತ್ತು ಹಾಕಿಕೊಳ್ಳಲು ಮರೆತಿದ್ದಳು. ಎರಡು ಸಲ ಆ ತಪ್ಪು ಗಾಜನ್ನು ಉಜ್ಜಿದ್ದು ಇದೇ ಕೈ.

ಆ ಮಧ್ಯಾಹ್ನ ಹೆಂಡತಿಯನ್ನು ಪರದೆಯ ಆಚೆ ಕರೆದು ಹೇಳಿದೆ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೋಪ ಬಂತು.

"ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗೂ ನನ್ನ ಯಾಮಾರಿಸಿಲ್ಲ. ನನ್ನ ಮಗಳೇ ಯಾಮಾರಿಸಿದಳಲ್ಲ. ಕ್ಲಾಸು ತಪ್ಪಿಸಕ್ಕೆ ಇಷ್ಟೊಂದಾ? ಕರೀರಿ ಅವಳನ್ನ."

"ಕರೆದು?"

"ಕರೆದು ಕೇಳ್ತೀನಿ."

"ಏನು ಕೇಳ್ತೀಯ? ಕೇಳಿದ್ರೆ ಏನಿಲ್ಲ ಅಂತಾಳೆ. ಮೂರು ತಿಂಗಳಿಂದ ಅದನ್ನೇ ಕೇಳ್ಕೊಂಡು ಕೂತಿದೀವಿ."

"ನೀವು ಅವಳ ಕಡೇನೇ ಯಾವಾಗ್ಲೂ."

"ನಾನು ಯಾರ ಕಡೇನೂ ಅಲ್ಲ. ನೀನೇ ಬೇರೆಯವರಿಗೆ ಹೇಳ್ತೀಯಲ್ಲ, ಅದನ್ನ ನೆನಪಿಸ್ತಿದೀನಿ ಅಷ್ಟೇ."

ಕಣ್ಣು ಚೆನ್ನಾಗಿದೆ, ಮಗೂಗೆ ಬೇರೇನೋ ಬೇಕಾಗಿದೆ. ನಾನು ಪೂರ್ತಿ ಹೇಳಬೇಕಾಗಲಿಲ್ಲ. ಅವಳು ನನ್ನ ಕೆಲಸದ ಸ್ಟೂಲಿನ ಮೇಲೆ ಕೂತಳು. ಅದರ ಮೇಲೆ ಗಾಜಿನ ಪುಡಿ ಇರುತ್ತದೆಂದು ಎಂದೂ ಕೂರುವವಳಲ್ಲ.

"ನಾನು ಸೊನ್ನೆ ಗಾಜು ಹಾಕ್ಲೇ ಇಲ್ಲ" ಎಂದಳು. "ಊರವರ ಮಕ್ಕಳಿಗೆಲ್ಲ ಹಾಕ್ತೀನಿ. ಇವಳಿಗೆ ಹಾಕ್ಲಿಲ್ಲ. ಮನಸ್ಸಿಗೇ ಬರ್ಲಿಲ್ಲ ನೋಡಿ."

ಮರುದಿನ ಹನ್ನೊಂದಕ್ಕೆ ಷಟರು ಎಳೆದ ಮೇಲೆ ಅವಳು ಚೂಟಿಯನ್ನು ಕೆಳಗೆ ಕರೆದಳು. "ತಲೆನೋವು ಅಂದ್ಯಲ್ಲ, ಇನ್ನೊಂದ್ಸಲ ನೋಡೋಣ ಬಾ." ಚೂಟಿ ಬಂದು ಕುರ್ಚಿಯಲ್ಲಿ ಕೂತಳು. ಕೂದಲು ವಾರದಿಂದ ಬಾಚಣಿಗೆ ಕಂಡಿರಲಿಲ್ಲ. ದೀಪ ಆರಿತು, ಬೋರ್ಡು ಬೆಳಗಿತು. ನಾನು ಪರದೆಯ ಆಚೆ ಯಂತ್ರ ನಿಲ್ಲಿಸಿ ನಿಂತಿದ್ದೆ. ನನ್ನ ಕೈಗೆ ಕೆಲಸವಿರಲಿಲ್ಲ, ಒಂದೇ ಫ್ರೇಮನ್ನು ಒರೆಸುತ್ತಲೇ ಇದ್ದೆ.

ಹೆಂಡತಿ ಪರೀಕ್ಷೆಯ ಫ್ರೇಮು ಮಗಳ ಮೂಗಿಗೆ ಏರಿಸಿದಳು. ಒಂದೆರಡು ಗಾಜು ಹಾಕಿ ತೆಗೆದಳು. ಆಮೇಲೆ ಅವಳ ಕೈ ಪೆಟ್ಟಿಗೆಯ ಕೊನೆಗೆ ಹೋಯಿತು.

"ಇದು ಸ್ವಲ್ಪ ಜೋರು ಪವರ್. ಈಗ ನೋಡು."

ಚೂಟಿ ಬೋರ್ಡನ್ನು ನೋಡಲೇ ಇಲ್ಲ.

"ಅಮ್ಮ, ಇದು ಸೊನ್ನೆ ಗಾಜು" ಎಂದಳು.

ಬೀದಿಯಲ್ಲಿ ಯಾವುದೋ ಗಾಡಿಯ ಮೈಕು ಮನೆಯಿಂದ ಹೊರಗೆ ಬರಬೇಡಿ ಎಂದು ಹೇಳುತ್ತಾ ಹೋಯಿತು.

"ಮೊದಲನೇ ದಿನಾನೇ ಹಾಕ್ತೀಯ ಅಂದ್ಕೊಂಡಿದ್ದೆ" ಎಂದಳು ಚೂಟಿ. "ನಿನ್ ಕೈಯನ್ನೇ ನೋಡ್ತಿದ್ದೆ. ನೀನು ಹಾಕ್ಲಿಲ್ಲ. ಎರಡನೇ ಸಲ ಇನ್ನೂ ಜಾಸ್ತಿ ತಪ್ಪು ಓದಿದೆ. ಆಗಲೂ ಹಾಕ್ಲಿಲ್ಲ."

"ನನ್ನ ಮಗಳಿಗೆ ಯಾಕೆ ಹಾಕ್ಲಿ?"

"ಹಾಕ್ಬೇಕಿತ್ತು."

ಪರದೆಯ ಸಂದಿಯಿಂದ ನನಗೆ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅವಳ ಕೈ ದೀಪದ ಸ್ವಿಚ್ಚಿನವರೆಗೆ ಹೋಗಿ ಹಿಂದಕ್ಕೆ ಬಂತು. ದೀಪ ಹಾಕಲಿಲ್ಲ. ಮಗಳ ಮುಖದಿಂದ ಆ ದಪ್ಪ ಫ್ರೇಮನ್ನೂ ತೆಗೆಯಲಿಲ್ಲ.

"ಏನಾಗಿದೆ ಪುಟ್ಟಾ?"

"ಏನಿಲ್ಲ."

"ಹೇಗಿದೀಯ, ಹೇಳು."

"ಚೆನ್ನಾಗಿದೀನಿ."

ಮುಗಿಯಿತು ಎಂದುಕೊಂಡೆ. ಮತ್ತೆ ಅದೇ ಗೋಡೆ. ಆದರೆ ಹೆಂಡತಿ ತನ್ನ ಸ್ಟೂಲನ್ನು ಎಳೆದುಕೊಂಡು, ಗಿರಾಕಿಗಳ ಬಳಿ ಕೂರುವ ಹಾಗೆ ಮಗಳ ಪಕ್ಕಕ್ಕೆ, ಸ್ವಲ್ಪ ಹಿಂದೆ ಕೂತಳು. ಇಬ್ಬರೂ ಬೋರ್ಡಿನ ಕಡೆಗೇ ಮುಖ ಮಾಡಿದ್ದರು. ಅವಳು ಕೆಲಸದ ದನಿಯಲ್ಲಿ ಕೇಳಿದಳು.

"ಸರಿ. ಬೆಳಿಗ್ಗೆ ಕಷ್ಟಾನಾ, ಸಂಜೆ ಕಷ್ಟಾನಾ?"

"ಬೆಳಿಗ್ಗೆ" ಎಂದಳು ಚೂಟಿ.

"ಎಚ್ಚರ ಆದ ತಕ್ಷಣಾನಾ, ಎದ್ದು ಓಡಾಡಿದ ಮೇಲಾ?"

"ಎಚ್ಚರ ಆದ ತಕ್ಷಣ."

"ಹೋದ ತಿಂಗಳು ಜಾಸ್ತೀನಾ, ಈ ತಿಂಗಳಾ?"

"ಈ ತಿಂಗಳು."

"ಅಳು ಬರುತ್ತಾ, ಏನೂ ಬರಲ್ವಾ?"

"ಏನೂ ಬರಲ್ಲ. ಅಳು ಬಂದ್ರೆ ಎಷ್ಟೋ ವಾಸಿ."

"ಕ್ಲಾಸು ಕಷ್ಟಾನಾ, ಫ್ರೆಂಡ್ಸ್ ಜೊತೆ ಏನಾದ್ರೂ ಆಯ್ತಾ?"

"ಎರಡೂ ಒಂದೇ."

ಎರಡೂ ಒಂದೇ ಎಂದು ಗಿರಾಕಿ ಹೇಳಿದರೆ ಹೆಂಡತಿ ಅದೇ ಗಾಜನ್ನು ಮತ್ತೆ ತೋರಿಸುವುದಿಲ್ಲ. ಪಕ್ಕಕ್ಕಿಟ್ಟು ಬೇರೆ ಜೊತೆ ತೆಗೆಯುತ್ತಾಳೆ. ಹಾಗೇ ಮಾಡಿದಳು.

"ಹೇಳಕ್ಕೆ ಭಯ ಆಯ್ತಾ, ನಾಚಿಕೆ ಆಯ್ತಾ?"

ಈ ಸಲ ಚೂಟಿ ಬೋರ್ಡಿನಿಂದ ಕಣ್ಣು ಇಳಿಸಿದಳು. "ನಾಚಿಕೆ" ಎಂದಳು. ಆಮೇಲೆ ಒಂದೇ ಸಮನೆ ಬಂತು. "ಕಾರಣ ಇದ್ದಿದ್ರೆ ಹೇಳ್ತಿದ್ದೆ ಅಮ್ಮ. ಕಾರಣ ಇಲ್ಲ. ದಿನಾ ಈ ಕುರ್ಚೀಲಿ ಕೂತ್ಕೊಂಡು ಯಾರ್ಯಾರೋ ಅಳ್ತಾರೆ. ಗಂಡ ಹೋದ, ಅಮ್ಮ ಹೋದ್ಲು ಅಂತ. ಎಲ್ಲಾ ಮೇಲೆ ಕೇಳಿಸುತ್ತೆ. ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ. ಊಟ ಇದೆ, ಅಂಗಡಿ ಇದೆ, ನೀವಿಬ್ರೂ ಇದೀರ. ನಂಗೇನು ಧಾಡಿ? ಅದಕ್ಕೇ ಕಣ್ಣು ಅಂದೆ. ಕಣ್ಣು ಅಂದ್ರೆ ನೀನು ಕೂರಿಸ್ಕೊಂಡು ನೋಡ್ತೀಯಲ್ಲ."

ನನ್ನ ಕೈಲಿದ್ದ ಫ್ರೇಮಿನ ಕಡ್ಡಿ ಲಟಕ್ ಎಂದು ಮುರಿಯಿತು. ಇಬ್ಬರಿಗೂ ಕೇಳಿಸಿರಬೇಕು, ಇಬ್ಬರೂ ತಿರುಗಲಿಲ್ಲ.

ಹೆಂಡತಿ ಇನ್ನೊಂದು ಪ್ರಶ್ನೆ ಕೇಳಿದಳು. ಅದನ್ನು ನಾನಾಗಿದ್ದರೆ ಕೇಳುತ್ತಿರಲಿಲ್ಲ, ಕೇಳಿದರೆ ಆಗಿಬಿಡುತ್ತದೇನೋ ಎಂಬ ಹೆದರಿಕೆ ನನ್ನದು. ಅವಳು ಅದೇ ದನಿಯಲ್ಲಿ, ಏರಿಸದೆ ಇಳಿಸದೆ ಕೇಳಿದಳು.

"ಬದುಕಿರೋದೇ ಬೇಡ ಅನ್ನಿಸಿದ್ಯಾ, ಇಲ್ವಾ?"

"ಎರಡು ಸಲ."

"ಏನಾದ್ರೂ ಮಾಡ್ಕೋಬೇಕು ಅಂತ ಹೊರಟಿದ್ಯಾ, ಬರೀ ಅನ್ನಿಸ್ತಾ?"

"ಬರೀ ಅನ್ನಿಸ್ತು."

"ಈಗ?"

"ಈಗ ಇಲ್ಲ. ಹೇಳಿದ ಮೇಲೆ ಸ್ವಲ್ಪ ಇಲ್ಲ."

"ಮತ್ತೆ ಅನ್ನಿಸಿದ್ರೆ ನನ್ನ ಹತ್ರ ಬರ್ತೀಯಾ, ಅಪ್ಪನ ಹತ್ರ ಹೋಗ್ತೀಯಾ?"

"ಯಾರು ಎದ್ದಿರ್ತೀರೋ ಅವರ ಹತ್ರ."

"ಇಬ್ರೂ ಮಲಗಿದ್ರೆ ಎಬ್ಬಿಸು. ನಿಮ್ಮಪ್ಪನ್ನ ಎಬ್ಬಿಸೋದು ಕಷ್ಟ, ನನ್ನೇ ಎಬ್ಬಿಸು."

ಆಗ ಚೂಟಿಯ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ನಗುವೆಂದು ತಿಳಿದೆ. ನಗುವಾಗಿಯೇ ಶುರುವಾಗಿ ದಾರಿಯಲ್ಲಿ ಅಳುವಾಯಿತು. ಹೆಂಡತಿ ಎದ್ದು, ಪರೀಕ್ಷೆಯ ಫ್ರೇಮು ತೆಗೆದಿಟ್ಟು ಅವಳ ತಲೆಯನ್ನು ಹೊಟ್ಟೆಗೆ ಆನಿಸಿಕೊಂಡಳು. ನಾನು ಪರದೆ ಸರಿಸಿ ಹೋಗಿ ನಿಂತೆ. "ಫ್ರೇಮು ಮುರಿದೋಯ್ತು" ಎಂದೆ. "ಗೊತ್ತು" ಎಂದಳು ಮಗಳು, ಅಮ್ಮನ ಹೊಟ್ಟೆಯೊಳಗಿಂದ.

ಹೆಂಡತಿಯ ಕಣ್ಣೂ ಒದ್ದೆಯಾಗಿತ್ತು, ಆದರೆ ಅವಳಿಗೆ ಅವಳ ಕೆಲಸ ಗೊತ್ತು. ಯಾರ ಕಣ್ಣಲ್ಲಾದರೂ ಪೊರೆ ಕಂಡರೆ ತನ್ನ ಕೈಯಲ್ಲಿ ಆಗುವುದಲ್ಲ ಎಂದು ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸುತ್ತಾಳೆ, ಅದರಲ್ಲಿ ಅವಳಿಗೆ ಬಿಗುಮಾನವಿಲ್ಲ. ಅಂಗಡಿಯ ಅದೇ ಚೀಟಿ ಪುಸ್ತಕ ತೆಗೆದಳು. ವಯಸ್ಸು ಹದಿನಾರು, ಕಣ್ಣು ಎರಡೂ ಸರಿ ಇದೆ ಎಂದು ಬರೆದು, ಕೆಳಗೆ ನಿದ್ದೆ, ಊಟ, ಬೆಳಗಿನ ಹೊತ್ತು, ಎರಡು ಸಲ ಎಂದು ಮಗಳು ಹೇಳಿದ್ದನ್ನೆಲ್ಲ ಗುರುತು ಹಾಕಿಕೊಂಡಳು. "ಇದಕ್ಕೂ ಡಾಕ್ಟ್ರಿದಾರೆ. ಫೋನಲ್ಲೇ ನೋಡ್ತಾರಂತೆ ಈಗ. ನೀನು ಹೂಂ ಅಂದ್ರೆ ಇವತ್ತೇ ಮಾಡ್ತೀನಿ."

"ಯಾರಿಗೂ ಹೇಳ್ಬೇಡ. ದೊಡ್ಡಮ್ಮಂಗಂತೂ ಬೇಡ."

"ನಿಮ್ ದೊಡ್ಡಮ್ಮಂಗೆ ನನ್ನ ತೂಕಾನೇ ನಾನು ಹೇಳಿಲ್ಲ."

ಅವತ್ತೇ ಫೋನಿನಲ್ಲಿ ಸಿಕ್ಕ ಮನಸ್ಸಿನ ಡಾಕ್ಟರು ಹೆಂಗಸು, ಗೊಗ್ಗರು ದನಿ, ಹಿಂದೆ ಯಾವಾಗಲೂ ಒಂದು ನಾಯಿ ಬೊಗಳುತ್ತಿತ್ತು. ಮೊದಲು ಚೂಟಿಯೊಬ್ಬಳ ಜೊತೆಯೇ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನಮ್ಮ ಜೊತೆ. ವಾರಕ್ಕೊಮ್ಮೆ ಮಾತಾಡೋಣ, ಔಷಧಿ ಬೇಕೋ ಬೇಡವೋ ನೋಡಿ ಹೇಳುತ್ತೇನೆ ಎಂದರು. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕಡೆ ಬೀಗ ಹಾಕಿಡಿ, ಅವಳಿಗೆ ಹೇಳಿಯೇ ಇಡಿ, ಕದ್ದಲ್ಲ ಎಂದರು. ಬೆಳಿಗ್ಗೆ ಎದ್ದು ಮಾಡಲು ಏನಾದರೂ ಒಂದು ಸಣ್ಣ ಕೆಲಸ ಇರಲಿ ಎಂದರು. ನನ್ನ ಸರದಿ ಬಂದಾಗ ನಾನು ಕೇಳಿದೆ, "ಮೇಡಂ, ನಾನು ಏನು ಮಾಡ್ಲಿ? ನಗಿಸಕ್ಕೆ ನೋಡ್ತೀನಿ, ಆಗ್ತಿಲ್ಲ."

"ನಗಿಸೋದು ಸ್ವಲ್ಪ ಕಡಿಮೆ ಮಾಡಿ. ಜೊತೇಲಿರಿ ಸಾಕು. ಅವಳು ಸುಮ್ಮನಿದ್ರೆ ನೀವೂ ಸುಮ್ಮನಿರಿ."

"ಅದು ಇವರಿಗೆ ಔಷಧಿ ಕೊಟ್ರೂ ಆಗಲ್ಲ" ಎಂದಳು ನನ್ನ ಹೆಂಡತಿ.

ಸುಮ್ಮನಿರುವುದನ್ನು ಆ ವಯಸ್ಸಿನಲ್ಲಿ ಕಲಿತೆ. ಸಂಜೆ ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗವನ್ನೇ ನೆಟ್ ಮಾಡಿಕೊಂಡು ನಾನೂ ಅವಳೂ ವಾಲಿಬಾಲ್ ಆಡಿದೆವು. ಆಡಿದೆವು ಎಂದರೆ ಅವಳು ಹೊಡೆದದ್ದು ನನ್ನ ಮೂಗಿಗೆ ಬೀಳುತ್ತಿತ್ತು, ನಾನು ಹೊಡೆದದ್ದು ಪಕ್ಕದ ಮನೆಯ ತಾರಸಿಗೆ ಹೋಗುತ್ತಿತ್ತು. ಕೆಲವು ದಿನ ಅವಳು ಬರುತ್ತಿರಲಿಲ್ಲ. ಆಗ ನಾನು ಅವಳ ಕೋಣೆಯ ಹೊಸ್ತಿಲ ಬಳಿ ಕೂತು ಫ್ರೇಮುಗಳ ಸ್ಕ್ರೂ ಬಿಗಿ ಮಾಡುತ್ತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು.

ತಪ್ಪು ಗಾಜುಗಳನ್ನು ನಾನು ಒಡೆದು ಹಾಕಬೇಕೆಂದಿದ್ದೆ. ಚೂಟಿ ಬೇಡ ಎಂದಳು. ಒಂದೂ ಮುಕ್ಕಾಲಿನವು ಮುಂದೆ ಒಂದು ದಿನ ಕಾಲೇಜು ಹುಡುಗನೊಬ್ಬನ ಸಣ್ಣ ಫ್ರೇಮಿಗೆ ಸರಿಹೋದವು. ನೀಲಿ ಫ್ರೇಮು ಖಾಲಿಯಾಗಿಯೇ ಅವಳ ಮೇಜಿನ ಮೇಲಿದೆ.

ಹೆಂಡತಿಯದು ಬೇರೆಯೇ ಕ್ರಮ. ದಿನಾ ಬೆಳಿಗ್ಗೆ ಆರೂವರೆಗೆ ಅಂಗಡಿಗೆ ಇಳಿಯುವ ಮುಂಚೆ ಮಗಳ ಹಾಸಿಗೆಯ ಅಂಚಿಗೆ ಕೂತು ಒಂದೇ ಪ್ರಶ್ನೆ. "ನಿನ್ನೇದಾ, ಇವತ್ತಿಂದಾ?" ಯಾವ ದಿನ ವಾಸಿ ಎಂದು. ಚೂಟಿ, "ಎರಡೂ ಒಂದೇ" ಅನ್ನುತ್ತಿದ್ದಳು. "ಸರಿ, ನಾಳೆ ಮತ್ತೆ ನೋಡೋಣ" ಎಂದು ಇವಳು ಇಳಿದು ಬರುತ್ತಿದ್ದಳು. ಉಪದೇಶವಿಲ್ಲ, ಏಳು ಎಂಬ ಒತ್ತಾಯವಿಲ್ಲ. ಹನ್ನೊಂದು ದಿನ ಎರಡೂ ಒಂದೇ.

ಹನ್ನೆರಡನೆಯ ದಿನ ಚೂಟಿ, "ನಿನ್ನೇದು" ಎಂದಳಂತೆ. ಅಂದರೆ ಇವತ್ತು ನಿನ್ನೆಗಿಂತ ಕೆಟ್ಟದಾಗಿದೆ. ನನ್ನ ಮುಖ ಸಪ್ಪಗಾಯಿತು. ಹೆಂಡತಿ ಮಾತ್ರ ಅವತ್ತು ಬಹಳ ದಿನದ ಮೇಲೆ ಪೂರ್ತಿ ಲೋಟ ಟೀ ಕುಡಿದಳು.

"ನಿಮಗೆ ಗೊತ್ತಾಗಲ್ಲ. ಎರಡೂ ಒಂದೇ ಅನ್ನೋ ತನಕ ನನಗೆ ಹಿಡಿತ ಸಿಗಲ್ಲ. ಒಂದು ಕೆಟ್ಟದು ಅಂದ್ಳಲ್ಲ, ಹಾಗಾದ್ರೆ ಇನ್ನೊಂದು ವಾಸಿ ಅಂತ ತಾನೇ? ವ್ಯತ್ಯಾಸ ಕಾಣ್ತಿದೆ ಅವಳಿಗೆ."

ಅವಳ ಲೆಕ್ಕ ಪೂರ್ತಿ ಸರಿಯೆಂದು ನಾನು ಹೇಳಲಾರೆ. ಅದರ ಮುಂದಿನ ವಾರ ಎರಡು ದಿನ ಚೂಟಿ ಊಟ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಬಂದು ಅಮ್ಮನ ತೋಳು ಹಿಡಿದು, "ಮತ್ತೆ ಅನ್ನಿಸ್ತಿದೆ" ಎಂದಳು. ಹೆಂಡತಿ ತೊಳೆಯುತ್ತಿದ್ದ ಪಾತ್ರೆಯನ್ನು ನಲ್ಲಿಯ ಕೆಳಗೇ ಬಿಟ್ಟು ಅವಳ ಜೊತೆ ನೆಲದ ಮೇಲೆ ಕೂತಳು. ನಾನು ಡಾಕ್ಟರಿಗೆ ಫೋನು ಹಚ್ಚಿದೆ. ನಾಯಿ ಬೊಗಳಿತು, ಡಾಕ್ಟರು ಬಂದರು, ಒಂದು ಸಣ್ಣ ಮಾತ್ರೆ ಶುರುವಾಯಿತು. ಆ ದಿನ ಕಳೆಯಿತು. ಅನ್ನಿಸಿದರೆ ಬಾ ಎಂದಿದ್ದೆವು, ಬಂದಳು. ಅಷ್ಟರ ಮಟ್ಟಿಗೆ ನಾವು ಗೆದ್ದೆವೆಂದೇ ನನ್ನ ಲೆಕ್ಕ.

ಅಂಗಡಿಗೆ ಸಂಜೆಯವರೆಗೆ ಅನುಮತಿ ಕೊಟ್ಟ ದಿನವೇ ಇರಬೇಕು. ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹೆಂಡತಿ ಕುರ್ಚಿಗೆ ಸ್ಯಾನಿಟೈಸರ್ ಹೊಡೆದು ಒರೆಸುತ್ತಿದ್ದಳು, ನಾನು ಷಟರಿನ ಬೀಗ ತೆಗೆಯುತ್ತಿದ್ದೆ. ಮೆಟ್ಟಿಲ ಮೇಲೆ ಸದ್ದಾಯಿತು. ಮೂರು ಮೂರಲ್ಲ, ಒಂದೊಂದೇ. ಚೂಟಿ ತಲೆ ಬಾಚಿಕೊಂಡಿದ್ದಳು, ಒಂದು ಕಡೆ ಮಾತ್ರ ಸರಿಯಾಗಿ.

"ಇವತ್ತು ನೀನು ಕೇಳ್ದೇ ಇಳಿದು ಬಂದೆ" ಎಂದಳು ಅಮ್ಮನಿಗೆ.

"ನೀನು ಮಲಗಿದ್ದೆ, ಎಬ್ಬಿಸ್ಲಿಲ್ಲ. ನಿನ್ನೇದಾ, ಇವತ್ತಿಂದಾ?"

ಚೂಟಿ ಯೋಚಿಸಿದಳು. "ಇವತ್ತಿಂದು. ಸ್ವಲ್ಪ."

ಹೆಂಡತಿಗೆ ಅಭ್ಯಾಸಬಲ. "ಇನ್ನೊಂದ್ಸಲ ನೋಡಿ ಹೇಳು" ಎಂದುಬಿಟ್ಟಳು.

"ಅಮ್ಮ, ಸ್ವಲ್ಪ ಅಂದ್ರೆ ಸ್ವಲ್ಪ."

"ಸರಿ, ಸ್ವಲ್ಪ."

ಚೂಟಿ ಕೊನೆಯ ಮೆಟ್ಟಿಲ ಮೇಲೆಯೇ ನಿಂತಿದ್ದಳು. "ನಿಂದು?" ಎಂದಳು.

ಈ ಪ್ರಶ್ನೆಯನ್ನು ನನ್ನ ಹೆಂಡತಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೆಂಡತಿ ಕೈಯಲ್ಲಿ ಬಟ್ಟೆ ಹಿಡಿದು, ಪ್ರಾಮಾಣಿಕ ಗಿರಾಕಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೋ ಅಷ್ಟು ಹೊತ್ತು ತೆಗೆದುಕೊಂಡಳು.

"ಎರಡೂ ಒಂದೇ" ಎಂದಳು.

"ಸರಿ, ನಾಳೆ ಮತ್ತೆ ನೋಡೋಣ" ಎಂದು ಚೂಟಿ ಇಳಿದು ಬಂದು, ಅಮ್ಮನ ಕೈಯಿಂದ ಬಟ್ಟೆ ತೆಗೆದುಕೊಂಡು ಕುರ್ಚಿ ಒರೆಸತೊಡಗಿದಳು. ನಾನು ಷಟರು ಎತ್ತಿದೆ. ಹೊರಗೆ ಮೇಷ್ಟ್ರು ಆಗಲೇ ನಿಂತಿದ್ದರು, ಕನ್ನಡಕದ ತುಂಬ ಹಬೆ.

"ಯಾರ್ರೀ ಅದು ಒಳಗೆ, ಹೊಸ ಡಾಕ್ಟ್ರಾ?" ಎಂದರು.

"ಡಾಕ್ಟ್ರಲ್ಲ ಮೇಷ್ಟ್ರೇ" ಎಂದಳು ಚೂಟಿ. "ಕೊಡಿ, ಒರೆಸಿ ಕೊಡ್ತೀನಿ."